ದಿಂಡಿಗೆ ಮಜ್ಜಿಗೆ, ಗಂಜಿಗೆ ಮೊಳಕೆ ಹಿಟ್ಟು

ಬಾಳೆದಿಂಡು ಹೆಚ್ಚಿದವರಿಗೆ ಗೊತ್ತು, ಬಿಲ್ಲೆ ಕೊಯ್ಯುತ್ತಿದ್ದಂತೆ ಜೇಡನ ನೂಲಿನಂಥ ನಾರು ಏಳುತ್ತದೆ. ಅದನ್ನು ಬೆರಳಿಗೆ ಸುತ್ತಿ ಸುತ್ತಿ ತೆಗೆಯಬೇಕು. ಅಷ್ಟರಲ್ಲಿ ಮೊದಲು ಕೊಯ್ದ ಬಿಲ್ಲೆ ಕಂದುಗಟ್ಟಿರುತ್ತದೆ. ಅದಕ್ಕೇ ನಮ್ಮ ಮನೆಗಳಲ್ಲಿ ಮಜ್ಜಿಗೆ ನೀರಿನ ಪಾತ್ರೆಯನ್ನು ಪಕ್ಕದಲ್ಲಿಟ್ಟುಕೊಂಡೇ ಹೆಚ್ಚಲು ಕೂರುವುದು. ಅದರಲ್ಲಿ ಬಿದ್ದ ಹೋಳು ಬೆಳ್ಳಗೆ ಉಳಿಯುತ್ತದೆ.

ದಿಂಡಿನ ಜೀವಕೋಶದೊಳಗೆ ಒಗರಿನ ಪಾಲಿಫಿನಾಲ್‌ಗಳು ಒಂದು ಕಡೆ, ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಈಳಿಗೆ ತಾಗಿದೊಡನೆ ನಡುವಿನ ಪೊರೆ ಹರಿದು ಎರಡೂ ಬೆರೆಯುತ್ತವೆ. ಗಾಳಿಯ ಆಮ್ಲಜನಕ ಸೇರಿ ಕಂದು ಬಣ್ಣ ಹುಟ್ಟುತ್ತದೆ. ಬದನೆಕಾಯಿ, ಸೇಬು ಕಪ್ಪಾಗುವುದೂ ಹೀಗೆಯೇ.

ಕಿಣ್ವ ಎಂದರೆ ಪ್ರೋಟೀನು. ಉದ್ದನೆಯ ಎಳೆಯೊಂದು ಮಡಿಚಿ ಮಡಿಚಿ ಉಂಡೆಯಾಗಿ, ಅದರಲ್ಲೊಂದು ಪುಟ್ಟ ಕುಳಿ ಉಳಿದಿರುತ್ತದೆ. ಕೆಲಸವೆಲ್ಲ ನಡೆಯುವುದು ಆ ಕುಳಿಯಲ್ಲಿ. ಹುಳಿ ಹೆಚ್ಚಿದರೆ ಎಳೆಯ ಮೇಲಿನ ವಿದ್ಯುದಂಶಗಳು ಬದಲಾಗಿ ಕುಳಿಯ ಆಕಾರ ಕೆಡುತ್ತದೆ. ಹುಳಿಯನ್ನು ಅಳೆಯುವ ಪಿಎಚ್ ಮಾನದಲ್ಲಿ ಶುದ್ಧ ನೀರು 7, ನಿಂಬೆರಸ 2ರ ಆಸುಪಾಸು. ದಿಂಡಿನ ಕಿಣ್ವಕ್ಕೆ ಹಿತವಾಗಿರುವುದು ಹೆಚ್ಚು ಹುಳಿಯಿಲ್ಲದ ಜಾಗ. ಮಜ್ಜಿಗೆಯಲ್ಲಿ ಅದು ಸೋಲುತ್ತದೆ, ನಿಂಬೆರಸದಲ್ಲಿ ಬಹುಮಟ್ಟಿಗೆ ನಿಂತೇಹೋಗುತ್ತದೆ.

ಬಿಸಿಯ ಕಥೆ ಇನ್ನೂ ಸ್ವಾರಸ್ಯ. ಒಂದು ಮಟ್ಟದವರೆಗೆ, ಶಾಖ 10 ಡಿಗ್ರಿ ಏರಿದರೆ ಕಿಣ್ವದ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆ. ಆ ಮಟ್ಟ ದಾಟಿತೋ, ಮಡಿಕೆಗಳೇ ಬಿಚ್ಚಿಕೊಳ್ಳುತ್ತವೆ. ಬೆಂದ ಮೊಟ್ಟೆಯ ಬಿಳಿ ಮತ್ತೆ ನೀರಾಗದಂತೆ, ಕುದಿನೀರು ಕಂಡ ಕಿಣ್ವವೂ ಸಾಮಾನ್ಯವಾಗಿ ಮರಳಿ ಚಿಗುರದು. ಚಳಿ ಹಾಗಲ್ಲ, ಅದು ಕೆಲಸವನ್ನು ನಿಧಾನ ಮಾಡುತ್ತದೆ, ಅಷ್ಟೇ. ಹಾಗಾದರೆ ಫ್ರಿಜ್ಜಿನಲ್ಲಿಟ್ಟ ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುವುದೇಕೆ? ಬಿಸಿನಾಡಿನ ಗಿಡ ಅದು. ಚಳಿಗೆ ಕೋಶಗಳ ಪೊರೆ ಕೆಡುತ್ತದೆ, ಕತ್ತಿಯಿಲ್ಲದೆಯೇ ಪಾಲಿಫಿನಾಲೂ ಕಿಣ್ವವೂ ಬೆರೆಯುತ್ತವೆ.

ಇಲ್ಲಿಯವರೆಗೆ ಕಿಣ್ವವನ್ನು ತಡೆಯುವ ಮಾತಾಯಿತು. ಅದನ್ನು ದುಡಿಸಿಕೊಳ್ಳುವ ಜಾಣ್ಮೆಯೂ ನಮ್ಮ ಅಡುಗೆಮನೆಯಲ್ಲಿದೆ. ರಾಗಿ ಮೊಳೆಯುವಾಗ ಪಿಷ್ಟವನ್ನು ತುಂಡರಿಸುವ ಅಮೈಲೇಸ್ ಕಿಣ್ವ ಕಾಳಿನಲ್ಲಿ ಹುಟ್ಟುತ್ತದೆ. ಮೊಳಕೆಯ ಬಾರ್ಲಿಯಿಂದ ಇಂಥದೇ ಕಿಣ್ವವನ್ನು 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋಜ್ ಬೇರ್ಪಡಿಸಿದರು. ಮೊಳಕೆ ರಾಗಿಯಿಂದ ಎಳೆಮಕ್ಕಳ ಆಹಾರ ಮಾಡುವ ಬಗ್ಗೆ ಮೈಸೂರಿನ ಸಿಎಫ್‌ಟಿಆರ್‌ಐ ಎಂಬ ಆಹಾರ ತಂತ್ರಜ್ಞಾನ ಸಂಸ್ಥೆ ಸಂಶೋಧನೆ ನಡೆಸಿದೆ.

ಮನೆಯಲ್ಲೇ ನೋಡಬಹುದು. ರಾಗಿಹಿಟ್ಟಿನ ಗಂಜಿಯನ್ನು ಚಮಚ ನಿಲ್ಲುವಷ್ಟು ಗಟ್ಟಿಯಾಗಿ ಕಾಯಿಸಿ ಒಲೆಯಿಂದಿಳಿಸಿ. ಕುದಿ ಅಡಗಿ ಶಾಖ 60 ಡಿಗ್ರಿಯ ಹತ್ತಿರ ಬಂದಾಗ, ಮೊಳಕೆ ರಾಗಿಯನ್ನು ಒಣಗಿಸಿ ಬೀಸಿದ ಹಿಟ್ಟನ್ನು ಒಂದು ಚಮಚ ಬೆರೆಸಿ ತಿರುವಿ. ಕೆಲವೇ ನಿಮಿಷದಲ್ಲಿ ಗಂಜಿ ಸಡಿಲಾಗಿ ಚಮಚದಿಂದ ಹರಿಯತೊಡಗುತ್ತದೆ. ಅದೇ ಹಿಟ್ಟನ್ನು ಕುದಿಯುವ ಗಂಜಿಗೆ ಹಾಕಿದರೆ ಕಿಣ್ವ ಬೆಂದುಹೋಗಿ ಗಂಜಿ ಗಟ್ಟಿಯಾಗಿಯೇ ಉಳಿಯುತ್ತದೆ. ಮೊಳಕೆ ಕಟ್ಟಿದ ರಾಗಿಯನ್ನು ಕಪ್ಪಗೆ ಹುರಿದರೂ ಇದೇ ಗತಿ. ಹದವಾಗಿ ಹುರಿಯಿರಿ ಎಂದು ಅಜ್ಜಿಯರು ಹೇಳುತ್ತಿದ್ದುದರಲ್ಲಿ ಎಷ್ಟು ತಿಳಿವಳಿಕೆ ಇತ್ತು!

ಎಳೆಮಗುವಿನ ಹೊಟ್ಟೆ ತೀರ ಚಿಕ್ಕದು. ಗಂಜಿ ಗಟ್ಟಿಯಾಗಿದ್ದರೆ ನುಂಗಲಾರದು. ನೀರು ಬೆರೆಸಿದರೆ ಹೊಟ್ಟೆ ತುಂಬುವುದು ನೀರಿನಿಂದ. ಮೊಳಕೆ ಹಿಟ್ಟು ಸೇರಿದರೆ ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ರಾಗಿ ಹಿಡಿಯುತ್ತದೆ, ಮಗುವೂ ಸಲೀಸಾಗಿ ನುಂಗುತ್ತದೆ. ಗಂಜಿ ತೆಳುವಾದ ಮೇಲೆ ಇನ್ನೊಮ್ಮೆ ಕುದಿಸಿ, ಆರಿಸಿ, ಮಗುವಿಗೆ ಕೊಡಿ.