ಪರದೇಶದಲ್ಲಿ ಮೊದಲ ಖಾತೆ



ಕೆಲಕಾಲದ ಹಿಂದೆ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕಾಗಿ ಗಂಗಾವತಿಗೆ ಹೋಗಿದ್ದೆ. ಬಿಡುವಿನ ವೇಳೆಯಲ್ಲಿ ಪದವಿ ತರಗತಿಯ ಹುಡುಗನೊಬ್ಬ ಹತ್ತಿರ ಬಂದು ಕೇಳಿದ: "ಸರ್, ಪರದೇಶಕ್ಕ ಹೋದ್ರ ಮೊದಲನೇ ದಿನ ರೊಕ್ಕ ಎಲ್ಲಿ ಇಡಬೇಕ್ರೀ?" ಸುತ್ತಲಿದ್ದವರು ನಕ್ಕರು. ನನಗೆ ಮಾತ್ರ ಅದು ನಗುವಂಥ ಪ್ರಶ್ನೆಯಾಗಿ ಕಾಣಲಿಲ್ಲ. ವೀಸಾ, ವಿಮಾನದ ಟಿಕೆಟ್ಟು, ಕಾಲೇಜಿನ ಪ್ರವೇಶ ಇವುಗಳ ಬಗ್ಗೆ ಹೇಳಿಕೊಡುವವರು ಬಹಳ ಮಂದಿ ಇದ್ದಾರೆ. ಇಳಿದ ಮರುದಿನ ಬ್ಯಾಂಕಿನಲ್ಲಿ ಏನು ಕೇಳುತ್ತಾರೆ, ಏಕೆ ಕೇಳುತ್ತಾರೆ ಎಂದು ಹೇಳುವವರು ಕಡಿಮೆ. ಆ ಹುಡುಗನಿಗೆ ಅಂದು ಒಂದೆರಡು ಮಾತು ಹೇಳಿ ಬಂದೆ. ಉಳಿದದ್ದನ್ನು ಇಲ್ಲಿ ನಿಮ್ಮೆಲ್ಲರಿಗೂ ಹೇಳುತ್ತಿದ್ದೇನೆ.

ನಿಜ ಹೇಳಬೇಕೆಂದರೆ ನಿಮ್ಮ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪ್ರದೇಶಗಳು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ತುಂಗಭದ್ರೆಯ ಆಚೆ ದಡದ ಹಂಪಿ, ಹೊಸಪೇಟೆಗಳು ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. ಪಶ್ಚಿಮಕ್ಕೆ ಹೋದರೆ ಗದಗು ಮುಂಬಯಿ ಪ್ರಾಂತ್ಯದಲ್ಲಿತ್ತು. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ನಾಣ್ಯ, ತನ್ನದೇ ನೋಟು ಇದ್ದವು. ಅದನ್ನು ಹಾಲಿ ಸಿಕ್ಕಾ ಎಂದೂ, ಬ್ರಿಟಿಷ್ ಇಂಡಿಯಾದ ರೂಪಾಯಿಯನ್ನು ಕಲ್ದಾರ್ ಎಂದೂ ಕರೆಯುತ್ತಿದ್ದರು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿ ಎಂಬುದು ಅಂಗೀಕೃತ ದರ. ಆನೆಗೊಂದಿಯ ರೈತನೊಬ್ಬ 70 ಹಾಲಿ ರೂಪಾಯಿ ಸೊಂಟಕ್ಕೆ ಕಟ್ಟಿಕೊಂಡು ಹರಿಗೋಲಿನಲ್ಲಿ ಹೊಳೆ ದಾಟಿದರೆ, ಆಚೆ ದಡದಲ್ಲಿ ಅದರ ಬೆಲೆ 60 ರೂಪಾಯಿ. ಎರಡೂ ದಡದಲ್ಲಿ ಕನ್ನಡವೇ, ನಂಟಸ್ತಿಕೆಯೂ ಅದೇ. ಆದರೆ ರೊಕ್ಕ ಮಾತ್ರ ಬೇರೆ.

ಆ ಸಂಸ್ಥಾನದ ಸರ್ಕಾರಿ ಬ್ಯಾಂಕಾಗಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ 1942ರ ಏಪ್ರಿಲ್‌ನಲ್ಲಿ ಕೆಲಸ ಆರಂಭಿಸಿತು. 1950ರ ದಶಕದಲ್ಲಿ ಹಾಲಿ ಸಿಕ್ಕಾವನ್ನು ಹಂತಹಂತವಾಗಿ ಹಿಂದಕ್ಕೆ ಪಡೆಯಲಾಯಿತು. 1956ರ ನವೆಂಬರ್ 1ರಂದು ನಿಮ್ಮ ಸೀಮೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಂಬ ಹೆಸರು ಪಡೆದು ಬಹುಕಾಲ ನಡೆಯಿತು. 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ನಿಮ್ಮ ಮನೆಯ ಹಿರಿಯರ ಪೆಟ್ಟಿಗೆಯಲ್ಲಿ ಅದರ ಹಳೆಯ ಪಾಸ್‌ಬುಕ್ ಇದ್ದರೆ ಒಮ್ಮೆ ತೆಗೆದು ನೋಡಿ.

ಹಿಂದೆ ಬ್ಯಾಂಕಿನಲ್ಲಿ ಖಾತೆ ತೆರೆಯುವ ಅರ್ಜಿಯಲ್ಲಿ 'ಪರಿಚಯಿಸುವವರ ಸಹಿ' ಎಂಬ ಒಂದು ಜಾಗವಿರುತ್ತಿತ್ತು. ಆಗಲೇ ಅಲ್ಲಿ ಖಾತೆ ಇದ್ದ ಒಬ್ಬರು "ಇವರನ್ನು ನಾನು ಬಲ್ಲೆ" ಎಂದು ಸಹಿ ಹಾಕಬೇಕಾಗಿತ್ತು. ಸ್ವಂತ ಊರಿನಲ್ಲಿ ಇದು ಕಷ್ಟವಲ್ಲ. ಶಾಲೆಯ ಮೇಷ್ಟ್ರೋ ಕಿರಾಣಿ ಅಂಗಡಿಯವರೋ ಹಾಕಿಕೊಡುತ್ತಿದ್ದರು. ಪರ ಊರಿಗೆ ಹೋದವನಿಗೆ ಇದೇ ದೊಡ್ಡ ಗೋಡೆಯಾಗುತ್ತಿತ್ತು. 2002ರಲ್ಲಿ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಬಂದಿತು. ಅದೇ ವರ್ಷದಿಂದ ರಿಸರ್ವ್ ಬ್ಯಾಂಕು 'ನಿಮ್ಮ ಗ್ರಾಹಕರನ್ನು ಅರಿಯಿರಿ' ಎಂಬ ನಿಯಮಗಳನ್ನು ಹೊರಡಿಸಿತು. ನಾವೆಲ್ಲ ಕೆವೈಸಿ ಎನ್ನುವುದು ಇದನ್ನೇ. ಕ್ರಮೇಣ ಮನುಷ್ಯರ ಪರಿಚಯದ ಜಾಗಕ್ಕೆ ಕಾಗದದ ಪರಿಚಯ ಬಂದಿತು. ಇಂದು ಜಗತ್ತಿನ ಬಹುತೇಕ ಬ್ಯಾಂಕುಗಳು ಹೊಸಬರನ್ನು ಮೂರೇ ಪ್ರಶ್ನೆ ಕೇಳುತ್ತವೆ: ನೀವು ಯಾರು? ಎಲ್ಲಿ ವಾಸಿಸುತ್ತೀರಿ? ನಿಮ್ಮ ಹಣ ಎಲ್ಲಿಂದ ಬರುತ್ತದೆ? ಈ ಮೂರಕ್ಕೆ ಉತ್ತರ ಕೊಡುವ ಕಾಗದ ನಿಮ್ಮ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು.

ವಿದೇಶಕ್ಕೆ ಹೋಗುವ ಮೊದಲು ಸಮೀಪದ ಪರ ಊರನ್ನು ನೋಡೋಣ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಮಳೆಯಾಶ್ರಿತ ಹಳ್ಳಿಗಳಿಂದ ಪ್ರತಿವರ್ಷ ಅನೇಕ ಕುಟುಂಬಗಳು ಗುಳೆ ಹೋಗುತ್ತವೆ. ಮಂಗಳೂರು, ಗೋವಾ, ಬೆಂಗಳೂರು ಎಂದು ಕಟ್ಟಡದ ಕೆಲಸ, ರಸ್ತೆಯ ಕೆಲಸಗಳಿಗೆ ಚದುರುತ್ತವೆ. ಭಾಷೆ ತಿಳಿಯದ ಗೋವಾದ ಬ್ಯಾಂಕಿನಲ್ಲಿ ನಿಂತ ತಾಯಿಗೆ ಅದೂ ಒಂದು ಪರದೇಶವೇ. ಅಲ್ಲಿ ಖಾತೆ ತೆರೆಯಲಾರದೆ ಕೂಲಿಯ ಹಣವನ್ನು ಗುತ್ತಿಗೆದಾರನ ಬಳಿಯೇ ಬಿಟ್ಟವರು ಎಷ್ಟೋ ಜನ. ನಿಯಮವಾದರೋ ಅಷ್ಟು ಕಠಿಣವಾಗಿಲ್ಲ. ಆಧಾರ್ ಕಾರ್ಡಿನಲ್ಲಿ ಕುಷ್ಟಗಿಯ ವಿಳಾಸವಿದ್ದು, ಈಗಿನ ವಾಸ ಬೇರೆಡೆ ಇದ್ದರೆ, ಈಗಿನ ವಿಳಾಸವನ್ನು ತಾನೇ ಬರೆದು ಸಹಿ ಮಾಡಿದ ಹೇಳಿಕೆ ಕೊಡಲು ಅವಕಾಶವಿದೆ. ಯಾವ ಗುರುತಿನ ದಾಖಲೆಯೂ ಇಲ್ಲದವರು ಅಧಿಕಾರಿಯ ಎದುರು ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಭಾವಚಿತ್ರ ಕೊಟ್ಟು 'ಸಣ್ಣ ಖಾತೆ' ತೆರೆಯಬಹುದು. ಇಂಥ ಖಾತೆಯಲ್ಲಿ ಯಾವಾಗಲೂ 50,000 ರೂಪಾಯಿಗಿಂತ ಹೆಚ್ಚು ಇರಬಾರದು. ವರ್ಷಕ್ಕೆ ಒಟ್ಟು ಒಂದು ಲಕ್ಷಕ್ಕಿಂತ ಹೆಚ್ಚು ಜಮೆಯಾಗಬಾರದು. ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ. ಮೊದಲು 12 ತಿಂಗಳು ಇದು ನಡೆಯುತ್ತದೆ. ಅಷ್ಟರಲ್ಲಿ ಗುರುತಿನ ದಾಖಲೆಗೆ ಅರ್ಜಿ ಹಾಕಿದ್ದಕ್ಕೆ ಪುರಾವೆ ಕೊಟ್ಟರೆ ಇನ್ನೂ 12 ತಿಂಗಳು ಮುಂದುವರಿಯುತ್ತದೆ.

ಇನ್ನು ಸಮುದ್ರದಾಚೆಯ ಮಾತು. 'ನೀವು ಯಾರು' ಎಂಬ ಪ್ರಶ್ನೆಗೆ ಅಲ್ಲಿ ಪಾಸ್‌ಪೋರ್ಟು ಮತ್ತು ವೀಸಾ ಉತ್ತರ ಕೊಡುತ್ತವೆ. ತೊಡಕು ಬರುವುದು ಎರಡನೆಯ ಪ್ರಶ್ನೆಯಲ್ಲಿ. ಬ್ಯಾಂಕು ಮನೆಯ ವಿಳಾಸ ಕೇಳುತ್ತದೆ. ಮನೆಯ ಮಾಲೀಕ ಬಾಡಿಗೆ ಕಟ್ಟಲು ಬ್ಯಾಂಕ್ ಖಾತೆ ಕೇಳುತ್ತಾನೆ. ಮನೆಯಿಲ್ಲದೆ ಖಾತೆಯಿಲ್ಲ, ಖಾತೆಯಿಲ್ಲದೆ ಮನೆಯಿಲ್ಲ! ಹೊಸಬರು ಕಂಗಾಲಾಗುವುದು ಇಲ್ಲಿಯೇ. ಈ ಗಂಟನ್ನು ಒಂದೊಂದು ದೇಶ ಒಂದೊಂದು ರೀತಿಯಲ್ಲಿ ಬಿಡಿಸುತ್ತದೆ.

ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯವು ಬ್ಯಾಂಕಿಗೆಂದೇ ಒಂದು ಪತ್ರ ಕೊಡುತ್ತದೆ. ವಿದ್ಯಾರ್ಥಿಯ ಹೆಸರು, ಕೋರ್ಸು, ಅಲ್ಲಿನ ವಿಳಾಸ, ಭಾರತದ ವಿಳಾಸ ಅದರಲ್ಲಿರುತ್ತವೆ. ಹಿಂದೆ ಊರಿನವರು ಹಾಕುತ್ತಿದ್ದ ಪರಿಚಯದ ಸಹಿಯ ಕೆಲಸವನ್ನು ಅಲ್ಲಿ ಕಾಲೇಜು ಮಾಡುತ್ತದೆ ಎಂದುಕೊಳ್ಳಿ. ಜರ್ಮನಿಯ ರೀತಿ ಬೇರೆ. ಅಲ್ಲಿಗೆ ಓದಲು ಹೋಗುವವರಲ್ಲಿ ಹೆಚ್ಚಿನವರು ವೀಸಾಕ್ಕೆ ಮುಂಚೆಯೇ ಒಂದು 'ತಡೆಹಿಡಿದ ಖಾತೆ' ತೆರೆದು ಒಂದು ವರ್ಷದ ಖರ್ಚನ್ನು ಇಡುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು 11,904 ಯೂರೋ ಎಂದು ನಿಗದಿ ಮಾಡಲಾಯಿತು. ಅಂದರೆ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಅಲ್ಲಿ ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಆ ನೋಂದಣಿಯ ಕಾಗದವೇ ಬ್ಯಾಂಕಿನಲ್ಲಿ ಕೆಲಸಕ್ಕೆ ಬರುತ್ತದೆ. ಅಮೆರಿಕದಲ್ಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದಿದ್ದರೆ ಖಾತೆಯೇ ಸಿಗದು ಎಂದು ಹಲವರು ತಿಳಿದಿದ್ದಾರೆ. ಆದರೆ ಆ ದೇಶದವರಲ್ಲದವರ ಪಾಸ್‌ಪೋರ್ಟ್ ಸಂಖ್ಯೆಯನ್ನು ಒಪ್ಪಿಕೊಳ್ಳಲು ಅಲ್ಲಿನ ನಿಯಮ ಬ್ಯಾಂಕುಗಳಿಗೆ ಅವಕಾಶ ಕೊಟ್ಟಿದೆ. ಒಂದು ಬ್ಯಾಂಕು ಒಲ್ಲೆ ಎಂದರೆ ಇನ್ನೊಂದನ್ನು ಕೇಳಬೇಕು. ಕೆನಡಾದಲ್ಲಿ ಸರಿಯಾದ ಗುರುತು ತೋರಿಸಿದವರಿಗೆ ಉದ್ಯೋಗವಿಲ್ಲದಿದ್ದರೂ, ಕೂಡಲೇ ಹಾಕಲು ಹಣವಿಲ್ಲದಿದ್ದರೂ ಖಾತೆ ತೆರೆಯುವ ಹಕ್ಕಿದೆ. ಸಂಯುಕ್ತ ಅರಬ್ ಸಂಸ್ಥಾನಕ್ಕೆ ದುಡಿಯಲು ಹೋದವರ ಸಂಬಳ ಬ್ಯಾಂಕು ಮೊದಲಾದ ಅಧಿಕೃತ ಮಾರ್ಗದಲ್ಲಿಯೇ ಬರಬೇಕೆಂಬ ವೇತನ ರಕ್ಷಣಾ ವ್ಯವಸ್ಥೆ 2009ರಲ್ಲಿ ಜಾರಿಗೆ ಬಂದಿತು. ಸಂಬಳ ಕೊಟ್ಟರೋ ಇಲ್ಲವೋ ಎಂಬುದಕ್ಕೆ ಅಲ್ಲಿ ದಾಖಲೆ ಉಳಿಯುತ್ತದೆ.

ಖಾತೆ ಸಿಗುವವರೆಗೆ ಏನು ಮಾಡುವುದು? ಕೆಲವೊಮ್ಮೆ ಇದಕ್ಕೆ ವಾರಗಳೇ ಹಿಡಿಯುತ್ತವೆ. ಕೈಯಲ್ಲಿ ವಿದೇಶಿ ನೋಟುಗಳನ್ನು ಒಂದು ಪ್ರವಾಸಕ್ಕೆ ಸಾಮಾನ್ಯವಾಗಿ 3,000 ಡಾಲರ್ ಬೆಲೆಯಷ್ಟು ಮಾತ್ರ ಒಯ್ಯಬಹುದು. ಅಷ್ಟನ್ನೂ ಒಯ್ಯುವುದು ಜಾಣತನವಲ್ಲ. ಸ್ವಲ್ಪ ನೋಟು, ಉಳಿದದ್ದಕ್ಕೆ ಇಲ್ಲಿನ ಬ್ಯಾಂಕು ಕೊಡುವ ವಿದೇಶಿ ವಿನಿಮಯ ಕಾರ್ಡು, ಹೀಗೆ ಮೊದಲ ತಿಂಗಳ ಖರ್ಚನ್ನು ಜೋಡಿಸಿಕೊಳ್ಳಬೇಕು.

ನಾನು ವಿಜ್ಞಾನ ಓದಿದವನಾದ್ದರಿಂದ ಖಾತೆ ಸಂಖ್ಯೆಯ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ನಮ್ಮಲ್ಲಿ ಹಣ ಕಳಿಸಲು ಖಾತೆ ಸಂಖ್ಯೆಯ ಜೊತೆಗೆ 11 ಚಿಹ್ನೆಗಳ ಐಎಫ್‌ಎಸ್‌ಸಿ ಬೇಕು. ಅದರ ಮೊದಲ ನಾಲ್ಕು ಅಕ್ಷರ ಬ್ಯಾಂಕಿನದು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆಯದು. ಯೂರೋಪು ಮತ್ತು ಕೊಲ್ಲಿಯ ಹಲವು ದೇಶಗಳಲ್ಲಿ ಐಬಾನ್ ಎಂಬ ಸಂಖ್ಯೆ ಇದೆ. ಜರ್ಮನಿಯಲ್ಲಿ ಇದಕ್ಕೆ 22 ಚಿಹ್ನೆ. ಮೊದಲೆರಡು ಅಕ್ಷರ ದೇಶವನ್ನು ಹೇಳುತ್ತವೆ, ಮುಂದಿನ ಎರಡು ತಪಾಸಣೆಯ ಅಂಕೆಗಳು. ಮೊದಲ ನಾಲ್ಕು ಚಿಹ್ನೆಗಳನ್ನು ಕೊನೆಗೆ ಸೇರಿಸಿ, ಅಕ್ಷರಗಳಿಗೆ ಬದಲು 10ರಿಂದ 35ರವರೆಗಿನ ಸಂಖ್ಯೆಗಳನ್ನು ಇಟ್ಟು, ಬಂದ ದೊಡ್ಡ ಸಂಖ್ಯೆಯನ್ನು 97ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಒಂದೇ ಒಂದು ಅಂಕೆ ತಪ್ಪು ಬರೆದರೂ ಶೇಷ ಬದಲಾಗಿ ಕಂಪ್ಯೂಟರ್ ತಪ್ಪನ್ನು ಹಿಡಿಯುತ್ತದೆ. 97 ಅವಿಭಾಜ್ಯ ಸಂಖ್ಯೆಯಾಗಿರುವುದು ಇಲ್ಲಿ ನೆರವಿಗೆ ಬರುತ್ತದೆ. ನಿಮ್ಮ ಗಣಿತದ ಮೇಷ್ಟ್ರನ್ನು ಕೇಳಿ ನೋಡಿ, ಸಂತೋಷದಿಂದ ವಿವರಿಸುತ್ತಾರೆ.

ಸಂಖ್ಯೆಯ ತಪ್ಪನ್ನು ಕಂಪ್ಯೂಟರ್ ಹಿಡಿಯುತ್ತದೆ. ಹೆಸರಿನ ತಪ್ಪನ್ನು ಮಾತ್ರ ನೀವೇ ಹಿಡಿಯಬೇಕು. ಶಾಲೆಯ ದಾಖಲಾತಿಯಲ್ಲಿ 'ಹನಮಪ್ಪ', ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಹನುಮಪ್ಪ', ಆಧಾರ್‌ನಲ್ಲಿ 'ಹನುಮಂತಪ್ಪ' ಎಂದಿರುವವರು ನಿಮ್ಮ ತರಗತಿಯಲ್ಲಿಯೇ ಇರಬಹುದು. ಊರಿನಲ್ಲಿ ಮೂರೂ ಒಬ್ಬನೇ. ದೂರದ ಬ್ಯಾಂಕಿನವರಿಗೆ ಮೂವರು ಬೇರೆ ಬೇರೆ ಜನ. ಅಡ್ಡಹೆಸರಿನದು ಇನ್ನೊಂದು ತೊಡಕು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟು ಒಂದೇ ಹೆಸರು ಬರೆಸಿದ್ದರೆ, ಅಮೆರಿಕದ ವೀಸಾದಲ್ಲಿ ಆ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗುತ್ತದೆ. ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಗುತ್ತದೆ. 'ಮೊದಲ ಹೆಸರು ತಿಳಿಯದು' ಎಂದು ಅದರ ಅರ್ಥ. ಬ್ಯಾಂಕಿನ ಖಾತೆಯಲ್ಲೂ ಅದೇ ಹೆಸರು ಏರಿಬಿಟ್ಟರೆ ತಿದ್ದಿಸಲು ಅಲೆದಾಟ ತಪ್ಪಿದ್ದಲ್ಲ. ಅಕ್ಕರೆಯಿಂದ ಇಟ್ಟ ಹೆಸರು 'ತಿಳಿಯದು' ಆಗುವುದು ಬೇಡ. ಈಗಲೇ ಎಲ್ಲ ದಾಖಲೆಗಳನ್ನು ಒಂದು ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ. ತಿದ್ದುವುದಿದ್ದರೆ ಕೊಪ್ಪಳದಲ್ಲಿ ಇರುವಾಗಲೇ ತಿದ್ದಿಸುವುದು ಸುಲಭ.

ಹೊರಡುವ ಮೊದಲು ನಿಮ್ಮ ಇಲ್ಲಿನ ಬ್ಯಾಂಕಿಗೂ ತಿಳಿಸಬೇಕು. ಓದಲು ಇಲ್ಲವೇ ದುಡಿಯಲು ಹೊರದೇಶಕ್ಕೆ ಹೋದವರನ್ನು ವಿದೇಶಿ ವಿನಿಮಯದ ನಿಯಮಗಳ ಪ್ರಕಾರ ಅನಿವಾಸಿ ಎಂದು ಎಣಿಸಲಾಗುತ್ತದೆ. ಅವರ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಅಲ್ಲಿ ದುಡಿದ ಹಣವನ್ನು ಊರಿಗೆ ಕಳಿಸಿ ಇಡಲು ಎನ್‌ಆರ್‌ಇ ಖಾತೆ ತೆರೆಯಬಹುದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಇದನ್ನು ಮರೆತರೂ ಉಳಿದದ್ದೆಲ್ಲ ನೆನಪಿದೆ ಎಂದರೆ ಪ್ರಯೋಜನವಿಲ್ಲ. ಹೊಸಬನಿಗೆ ಖಾತೆ ಸಿಕ್ಕ ಕೂಡಲೇ ಗೆಳೆಯರ ವೇಷದಲ್ಲಿ ಕೆಲವರು ಬರುತ್ತಾರೆ. "ನಿನ್ನ ಖಾತೆಗೆ ಸ್ವಲ್ಪ ಹಣ ಹಾಕಿಸುತ್ತೇನೆ, ಮುಂದಕ್ಕೆ ಕಳಿಸಿಬಿಡು, ನಿನಗಿಷ್ಟು ಇಟ್ಟುಕೋ" ಎನ್ನುತ್ತಾರೆ. ಫೀ ಕಟ್ಟುವ ಚಿಂತೆಯಲ್ಲಿರುವ ಹುಡುಗನಿಗೆ ಇದು ಸುಲಭದ ಸಂಪಾದನೆಯಾಗಿ ಕಾಣುತ್ತದೆ. ಆ ಹಣ ಯಾರನ್ನೋ ವಂಚಿಸಿ ತಂದದ್ದಾಗಿರುತ್ತದೆ. ಇಂಥ ಖಾತೆಯನ್ನು ಹೇಸರಗತ್ತೆಯ ಖಾತೆ ಎನ್ನುತ್ತಾರೆ. ಹೊರೆ ಬೇರೆಯವರದು, ಬೆನ್ನು ಇದರದು. ಬ್ರಿಟನ್ನಿನಲ್ಲಿ ಅಕ್ರಮ ಹಣ ವರ್ಗಾವಣೆಯ ಅಪರಾಧಕ್ಕೆ ಗರಿಷ್ಠ 14 ವರ್ಷಗಳ ಸೆರೆವಾಸವಿದೆ. ಖಾತೆ ಮುಚ್ಚಿಹೋಗುತ್ತದೆ, ವೀಸಾಕ್ಕೂ ಕುತ್ತು ಬರುತ್ತದೆ. "ನನಗೆ ಗೊತ್ತಿರಲಿಲ್ಲ" ಎಂದು ಅತ್ತರೆ ಸಾಕಾಗುವುದಿಲ್ಲ. ನಮ್ಮ ದೇಶದಲ್ಲಿಯೂ ಕಾಲೇಜು ವಿದ್ಯಾರ್ಥಿಗಳ ಖಾತೆ, ಎಟಿಎಂ ಕಾರ್ಡು, ಸಿಮ್ ಕಾರ್ಡುಗಳನ್ನು ಬಾಡಿಗೆಗೆ ಕೇಳುವವರು ಇದ್ದಾರೆ. ಯಾರಿಗೂ ಕೊಡಬೇಡಿ. ಮೋಸಕ್ಕೆ ಸಿಕ್ಕಿದ್ದೀರಿ ಎನಿಸಿದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ, 1930 ಸಂಖ್ಯೆಗೆ ಕರೆ ಮಾಡಿ.

ಹಾಗಾದರೆ ನೀವು ಇಂದು ಮಾಡಬಹುದಾದ ಕೆಲಸವೇನು? ಖಾತೆ ಇಲ್ಲದವರು ಒಂದು ಖಾತೆ ತೆರೆಯಿರಿ. 10 ವರ್ಷ ತುಂಬಿದ ಮಕ್ಕಳು ಬ್ಯಾಂಕು ವಿಧಿಸಿದ ಮಿತಿಯೊಳಗೆ ತಮ್ಮ ಖಾತೆಯನ್ನು ತಾವೇ ನಡೆಸಬಹುದು ಎಂದು ರಿಸರ್ವ್ ಬ್ಯಾಂಕು ಹೇಳಿದೆ. ಅರ್ಜಿಯನ್ನು ಬೇರೆಯವರಿಂದ ತುಂಬಿಸದೆ ನೀವೇ ತುಂಬಿ. ಅರ್ಥವಾಗದ ಪದವಿದ್ದರೆ ಕೇಳಿ, ಕೇಳಲು ನಾಚಬೇಡಿ. ಹಾಗೆಯೇ ನಿಮ್ಮ ಓಣಿಯಲ್ಲಿ ಗುಳೆ ಹೊರಟ ಮನೆಯವರು ಇದ್ದರೆ, ಹೊರಡುವ ಮುನ್ನ ಅವರ ಕಾಗದಗಳನ್ನು ಒಮ್ಮೆ ನೋಡಿಕೊಡಿ. ಹೆಸರು, ಊರು ಸರಿಯಾಗಿವೆಯೇ, ಖಾತೆ ಚಾಲ್ತಿಯಲ್ಲಿದೆಯೇ ಎಂದು ವಿಚಾರಿಸಿ. ಆ ಮನೆಯ ಆರು ತಿಂಗಳ ಬೆವರು ಆ ಖಾತೆಗೆ ಬಂದು ಸೇರಬೇಕು.

ಊರಿನಲ್ಲಿ ನಮ್ಮನ್ನು ಜನ ಬಲ್ಲರು. ಪರ ಊರಿನಲ್ಲಿ ಮೊದಲು ನಮ್ಮ ಕಾಗದಗಳು ಮಾತಾಡುತ್ತವೆ, ಆಮೇಲೆ ನಮ್ಮ ನಡತೆ ಮಾತಾಡುತ್ತದೆ. ಎರಡನ್ನೂ ನೇರವಾಗಿ ಇಟ್ಟುಕೊಂಡವನು ಯಾವ ಹೊಳೆಯನ್ನಾದರೂ ದಾಟಬಹುದು.