ಮನೆ ಕಟ್ಟುವ ಮೊದಲು ಒಂದಿಷ್ಟು ಓದು



ಕಳೆದ ತಿಂಗಳು ಡೊಂಬಿವಲಿಯ ಕೇಳುಗರೊಬ್ಬರು ಪತ್ರ ಬರೆದಿದ್ದರು. ಮೂವತ್ತು ವರ್ಷಕ್ಕೂ ಮಿಕ್ಕಿ ಮುಂಬಯಿಯಲ್ಲಿ ದುಡಿದು ಈಗ ನಿವೃತ್ತರಾಗುತ್ತಿದ್ದಾರಂತೆ. ಕುಂದಾಪುರದ ಹತ್ತಿರ ಹಿರಿಯರ ಜಾಗವಿದೆ, ಅಲ್ಲೊಂದು ಮನೆ ಕಟ್ಟಿಸಬೇಕು. ಮಗ ಆಧುನಿಕ ಮನೆಗಳ ಚಿತ್ರಗಳಿರುವ ದಪ್ಪ ಪುಸ್ತಕ ತಂದುಕೊಟ್ಟಿದ್ದಾನೆ. ಅದರಲ್ಲಿನ ಒಂದು ಬಿಳೀ ಪೆಟ್ಟಿಗೆಯಂಥ ಮನೆ ನೋಡಿ ಊರಿನ ಕಂಟ್ರಾಕ್ಟರರು "ಇದನ್ನೇ ಕಟ್ಟಿಕೊಡುವ" ಎಂದಿದ್ದಾರೆ. "ಭವಿಷ್ಯನಿಧಿಯ ಹಣವೆಲ್ಲ ಇದಕ್ಕೇ ಹೋಗುತ್ತದೆ. ಪುಸ್ತಕ ಓದುವವರು ನೀವು, ನನ್ನಂಥವರು ಓದಬಹುದಾದದ್ದು ಏನಾದರೂ ಇದೆಯೇ?" ಎಂದು ಕೇಳಿದ್ದಾರೆ.

ನಾನು ಕನ್ನಡ ಬಿ.ಎ. ಓದಿದವಳು, ಎಂಜಿನಿಯರ್ ಅಲ್ಲ. ಆದರೆ ಮನೆಗಳ ಬಗೆಗಿನ ಪುಸ್ತಕ ಕಂಡರೆ ಬಿಡುವವಳೂ ಅಲ್ಲ. ಕನ್ನಡ ಪುಸ್ತಕದಂಗಡಿಯಲ್ಲಿ ಮನೆ ಕಟ್ಟುವ ಪುಸ್ತಕ ಎಂದರೆ ಹೆಚ್ಚಾಗಿ ಕೈಗೆ ಬರುವುದು ವಾಸ್ತು. ಅದರ ತಂಟೆಗೆ ಇವತ್ತು ಹೋಗುವುದಿಲ್ಲ. ನಾನು ಹೇಳಹೊರಟಿರುವ ಪುಸ್ತಕಗಳು ಇಂಗ್ಲಿಷಿನವು, ಆದರೆ ಪಂಡಿತರಿಗೆ ಮಾತ್ರ ಬರೆದವಲ್ಲ.

ಮೊದಲು ಆ ಚಿತ್ರಪುಸ್ತಕದ ವಿಚಾರ. ಇಂಥ ಪುಸ್ತಕಗಳಲ್ಲಿ ಮನೆಗಳು ಬಹಳ ಚೆನ್ನಾಗಿ ಕಾಣುತ್ತವೆ, ಯಾಕೆಂದರೆ ಅವುಗಳಲ್ಲಿ ಯಾರೂ ಇರುವುದಿಲ್ಲ. ಒಣಹಾಕಿದ ಬಟ್ಟೆಯಿಲ್ಲ, ಚಪ್ಪಲಿಯಿಲ್ಲ, ಗ್ಯಾಸ್ ಸಿಲಿಂಡರಿಲ್ಲ. ಆಕಾಶ ಯಾವಾಗಲೂ ನೀಲಿ. ಫೋಟೋ ತೆಗೆದ ದಿನದ ಮನೆ ಅದು. ಹತ್ತು ಮಳೆಗಾಲ ಕಳೆದ ಮೇಲೆ ಹೇಗಿದೆ ಎಂಬುದನ್ನು ಆ ಪುಸ್ತಕ ಹೇಳುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಆಧುನಿಕ ಮನೆಗಳ ಯಾವುದೇ ಪುಸ್ತಕ ತೆರೆಯಿರಿ, ವಿಲ್ಲಾ ಸವಾಯ್ ಎಂಬ ಮನೆಯ ಚಿತ್ರ ಸಿಕ್ಕೇ ಸಿಗುತ್ತದೆ. ಪ್ಯಾರಿಸ್ ಹತ್ತಿರದ ಪ್ವಾಸಿಯಲ್ಲಿ ಲ ಕಾರ್ಬೂಸಿಯೇ ಕಟ್ಟಿದ್ದು. 1931ರಲ್ಲಿ ಮುಗಿಯಿತು. ತೆಳ್ಳಗಿನ ಕಂಬಗಳ ಮೇಲೆ ನಿಂತ ಬಿಳೀ ಪೆಟ್ಟಿಗೆ, ಸಪಾಟಾದ ತಾರಸಿ, ಸೂರು ಎಂಬುದೇ ಇಲ್ಲ. ಮುಂದೆ ಜಗತ್ತಿನಾದ್ಯಂತ ಬಂದ ಎಷ್ಟೋ ಬಿಳೀ ಪೆಟ್ಟಿಗೆ ಮನೆಗಳಿಗೆ ಇದೇ ಅಜ್ಜಿ. ಆದರೆ ಆ ಮನೆಯ ಯಜಮಾನಿ ಮದಾಂ ಸವಾಯ್ ವಾಸ್ತುಶಿಲ್ಪಿಗೆ ಬರೆದ ಪತ್ರಗಳೂ ಉಳಿದಿವೆ. ಹಾಲಿನಲ್ಲಿ ಸೋರುತ್ತಿದೆ, ಏರುದಾರಿಯಲ್ಲಿ ಸೋರುತ್ತಿದೆ, ಗ್ಯಾರೇಜಿನ ಗೋಡೆ ನೆಂದು ತೊಪ್ಪೆಯಾಗಿದೆ ಎಂದು 1936, 37ರ ಹೊತ್ತಿಗೆ ಆಕೆ ದೂರುತ್ತಲೇ ಇದ್ದರು. ಅದೂ ಎಲ್ಲಿ? ವರ್ಷಕ್ಕೆ ಸುಮಾರು 650 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ. ನಮ್ಮ ಕರಾವಳಿಯಲ್ಲಿ ಬೀಳುವುದು 3500 ಮಿಲಿಮೀಟರಿಗೂ ಮಿಕ್ಕಿ!

ಕಾರ್ಬೂಸಿಯೇ ದಡ್ಡನೇನಲ್ಲ. ಭಾರತಕ್ಕೆ ಬಂದು ಅಹಮದಾಬಾದಿನಲ್ಲಿ 1956ರ ಹೊತ್ತಿಗೆ ಮುಗಿಸಿದ ಶೋಧನ್ ಮನೆಯ ಮೇಲೆ ಕೊಡೆ ಹಿಡಿದಂತೆ ಇನ್ನೊಂದು ಚಪ್ಪಡಿ ಎತ್ತಿ ನಿಲ್ಲಿಸಿದ. ಕಿಟಕಿಗಳನ್ನು ಆಳವಾದ ಕಾಂಕ್ರೀಟ್ ಗೂಡುಗಳೊಳಗೆ ಹಿಂದಕ್ಕೆ ಸರಿಸಿದ. ಅಂದರೆ ಆತನೇ ದಾರಿ ಬದಲಿಸಿದ. ಆತನನ್ನು ನಕಲು ಮಾಡುವವರು ಮಾತ್ರ 1931ರಲ್ಲೇ ನಿಂತಿದ್ದಾರೆ. ಊರಿಗೆ ಹೋದಾಗ ನೀವೂ ನೋಡಿರುತ್ತೀರಿ. ಹಂಚಿನ ಮಾಡು ಕಿತ್ತು ತಾರಸಿ ಹಾಕಿಸುತ್ತಾರೆ, ನಾಲ್ಕು ಮಳೆಗಾಲ ಕಳೆದ ಮೇಲೆ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟು ಹೊದಿಸುತ್ತಾರೆ. ಒಂದೇ ಮನೆಗೆ ಎರಡು ಮಾಡಿನ ಖರ್ಚು.

ಹಾಗಾದರೆ ಓದುವುದೇನನ್ನು? ಇಲ್ಲಿ ಫ್ಲ್ಯಾಟಿನಲ್ಲೇ ಇರುವವರಿಗೂ ಬೇಕಾದ ಒಂದು ಪುಸ್ತಕ ಮೊದಲು ಹೇಳುತ್ತೇನೆ. ಹೆಸರು 'ಎ ಪ್ಯಾಟರ್ನ್ ಲಾಂಗ್ವೇಜ್'. ಕ್ರಿಸ್ಟೋಫರ್ ಅಲೆಗ್ಸಾಂಡರ್ ಮತ್ತು ಸಂಗಡಿಗರು ಬರೆದದ್ದು, 1977ರಲ್ಲಿ ಬಂತು. ಸಾವಿರದ ನೂರಕ್ಕೂ ಹೆಚ್ಚು ಪುಟ, ಹೆದರಬೇಡಿ. ಇದು ಮೊದಲಿನಿಂದ ಕೊನೆಯವರೆಗೆ ಓದುವ ಪುಸ್ತಕವಲ್ಲ. ಒಟ್ಟು 253 ವಿಷಯಗಳಿವೆ, ಊರಿನಿಂದ ಶುರುವಾಗಿ ಬೀದಿ, ಮನೆ, ಕೋಣೆ, ಕಿಟಕಿ, ಕೂರುವ ಕಟ್ಟೆಯವರೆಗೆ. ಬೇಕಾದ್ದನ್ನು ತೆಗೆದು ಓದಬಹುದು. ನನಗೆ ಇದರಲ್ಲಿ ತುಂಬ ಹಿಡಿಸಿದ್ದು ನಕ್ಷತ್ರ ಗುರುತು. ಖಾತ್ರಿಯಿರುವ ಮಾತಿಗೆ ಎರಡು ನಕ್ಷತ್ರ, ಅಷ್ಟು ಖಾತ್ರಿಯಿಲ್ಲದ್ದಕ್ಕೆ ಒಂದು, ಇನ್ನೂ ಹುಡುಕುತ್ತಿದ್ದೇವೆ ಎಂಬುದಕ್ಕೆ ಏನೂ ಇಲ್ಲ. ಮನೆ ಕಟ್ಟುವ ವಿಷಯದಲ್ಲಿ ಇಷ್ಟು ಪ್ರಾಮಾಣಿಕವಾಗಿ ಮಾತಾಡುವವರನ್ನು ನಾನು ಬೇರೆ ನೋಡಿಲ್ಲ.

ಅದರಲ್ಲೊಂದು ಬಾಲ್ಕನಿಯ ವಿಷಯ. ಆರು ಅಡಿಗಿಂತ ಕಡಿಮೆ ಆಳದ ಬಾಲ್ಕನಿಯನ್ನು ಜನ ಬಳಸುವುದೇ ಇಲ್ಲವೆನ್ನುತ್ತಾರೆ ಅವರು. ಒಂದು ಮೇಜು ಇಟ್ಟು ನಾಲ್ಕು ಜನ ಸುತ್ತ ಕಾಲು ಚಾಚಿ ಕೂರಲು ಅಷ್ಟಾದರೂ ಬೇಕು. ಇದನ್ನು ಓದಿದ ಮೇಲೆ ಠಾಣೆಯಿಂದ ದಾದರಿಗೆ ಬರುವಾಗ ರೈಲಿನ ಕಿಟಕಿಯಿಂದ ಬಾಲ್ಕನಿಗಳನ್ನೇ ನೋಡತೊಡಗಿದೆ. ಮೂರಡಿಯವುಗಳಲ್ಲಿ ಮುರಿದ ಕುರ್ಚಿ, ಸೈಕಲ್ಲು, ನೀರಿನ ಡ್ರಮ್ಮು. ಉಳಿದವಕ್ಕೆ ಗಾಜು ಹಾಕಿ ಒಳಕ್ಕೆ ಸೇರಿಸಿಕೊಂಡಾಗಿದೆ. ಇನ್ನೊಂದು ಮಾತು ಬೆಳಕಿನದು: ಕೋಣೆಗೆ ಎರಡು ಬದಿಯಿಂದ ಬೆಳಕು ಬರಬೇಕು. ಒಂದೇ ಬದಿ ಕಿಟಕಿಯಿದ್ದರೆ ಅದರ ಎದುರು ಕುಳಿತವರ ಮುಖ ಕಪ್ಪಾಗಿ ಕಾಣುತ್ತದೆ, ಕಣ್ಣಿಗೆ ಬೆಳಕು ಕುಕ್ಕುತ್ತದೆ. ಅಂಥ ಕೋಣೆಯಲ್ಲಿ ಜನ ಬಹಳ ಹೊತ್ತು ಕೂರುವುದಿಲ್ಲ. ಫ್ಲ್ಯಾಟು ನೋಡಲು ಹೋಗುವವರು ಇವೆರಡನ್ನು ಮನಸ್ಸಿನಲ್ಲಿಟ್ಟುಕೊಂಡರೂ ಪುಸ್ತಕದ ದುಡ್ಡು ಬಂದ ಹಾಗೆ.

ಎರಡನೆಯದು ನಮ್ಮ ಮುಂಬಯಿಯವರದೇ. ಚಾರ್ಲ್ಸ್ ಕೊರಿಯಾ 1985ರಲ್ಲಿ ತಂದ 'ದ ನ್ಯೂ ಲ್ಯಾಂಡ್‌ಸ್ಕೇಪ್'. ತೆಳ್ಳಗಿನ ಪುಸ್ತಕ, ಒಂದು ಭಾನುವಾರದಲ್ಲಿ ಮುಗಿಯುತ್ತದೆ. ನಮ್ಮಂಥ ಸೆಕೆಯ ದೇಶದಲ್ಲಿ ಮನೆ ಎಂದರೆ ನಾಲ್ಕು ಗೋಡೆಯ ಒಳಗಿನದಷ್ಟೇ ಅಲ್ಲ ಎಂಬುದು ಅವರ ಮುಖ್ಯ ವಾದ. ಮಲಗಲು, ಅಡುಗೆಗೆ ಒಳಗಿನ ಜಾಗ, ನೆರೆಯವರ ಜತೆ ಮಾತಿಗೆ ಹೊಸ್ತಿಲಿನ ಆಚೆಯ ಜಾಗ, ಆಮೇಲೆ ಬಾವಿಕಟ್ಟೆ, ಆಮೇಲೆ ಊರ ಮೈದಾನ. ಈ ನಾಲ್ಕೂ ಸೇರಿ ಮನೆ. ಒಂದು ಕಡಿಮೆಯಾದರೆ ಇನ್ನೊಂದು ಸರಿದೂಗಿಸಬೇಕು. ಬಯಲಿನ ಅಂಗಳವೂ ಒಂದು ಕೋಣೆಯೇ, ಅದಕ್ಕೆ ಸಿಮೆಂಟು ಕಬ್ಬಿಣದ ಖರ್ಚಿಲ್ಲ ಅಷ್ಟೆ. ಜಗಲಿ, ಪಡಸಾಲೆ, ಚಾವಡಿ, ಹಿತ್ತಿಲು ಎಂದೆಲ್ಲ ಹೆಸರಿಟ್ಟುಕೊಂಡ ನಮಗೆ ಇದು ಹೊಸದಲ್ಲ. ಆದರೂ ಪ್ಲಾನ್ ಬರೆಸುವಾಗ ನಾವು ಮೊದಲು ಕೈಬಿಡುವುದು ಜಗಲಿಯನ್ನೇ.

ಕೊರಿಯಾ ಬರೆದದ್ದನ್ನು ನಾವು ಇಲ್ಲೇ ಕಣ್ಣಾರೆ ನೋಡಬಹುದು. ಪೆಡ್ಡರ್ ರಸ್ತೆ ಕಡೆ ಹೋದಾಗ ಕಾಂಚನಜುಂಗಾ ಕಟ್ಟಡ ನೋಡಿ. 1983ರಲ್ಲಿ ಮುಗಿದದ್ದು, 28 ಮಾಳಿಗೆ, 32 ಮನೆ. ಮುಂಬಯಿಯಲ್ಲಿ ಗಾಳಿ, ಸಮುದ್ರದ ನೋಟ ಎರಡೂ ಪಶ್ಚಿಮಕ್ಕೆ. ಮಧ್ಯಾಹ್ನದ ಬಿಸಿಲು, ಮಳೆಯ ಹೊಡೆತ ಬರುವುದೂ ಪಶ್ಚಿಮದಿಂದಲೇ. ಹಳೆಯ ಬಂಗಲೆಗಳವರು ಸುತ್ತ ವೆರಾಂಡ ಕಟ್ಟಿ ಇದನ್ನು ನಿಭಾಯಿಸಿದರು. ಕೊರಿಯಾ ಅದೇ ವೆರಾಂಡವನ್ನು ಮೂಲೆಯಲ್ಲಿ ಎರಡು ಅಂತಸ್ತಿನ ಎತ್ತರಕ್ಕೆ ಕೊರೆದು ತೋಟ ಮಾಡಿದರು. ರಸ್ತೆಯಿಂದಲೇ ಕಾಣುತ್ತದೆ. ಅದು ಸಿರಿವಂತರ ಕಟ್ಟಡವಾಯಿತು ಎನ್ನುವವರು ಬೇಲಾಪುರಕ್ಕೆ ಹೋಗಬೇಕು. ಅಲ್ಲಿನ ಆರ್ಟಿಸ್ಟ್ಸ್ ವಿಲೇಜಿನಲ್ಲಿ ಏಳೇಳು ಮನೆಗೆ ಎಂಟು ಮೀಟರ್ ಉದ್ದಗಲದ ಒಂದು ಅಂಗಳ, ಅಂಥ ಮೂರು ಗುಂಪು ಸೇರಿದರೆ ಇನ್ನೊಂದು ದೊಡ್ಡ ಅಂಗಳ. ಒಬ್ಬರ ಗೋಡೆ ಇನ್ನೊಬ್ಬರಿಗೆ ತಾಗುವುದಿಲ್ಲ, ಹಾಗಾಗಿ ಕೈಯಲ್ಲಿ ಕಾಸು ಬಂದ ಹಾಗೆ ಮನೆ ಬೆಳೆಸಬಹುದು. ಜನ ಬೆಳೆಸಿಯೂ ಬೆಳೆಸಿದರು, ಹಲವು ಮೂಲ ಮನೆಗಳೇ ಈಗ ಉಳಿದಿಲ್ಲ. ಅಂಗಳಗಳಲ್ಲಿ ಮಕ್ಕಳು ಆಡುತ್ತಾರೆ. ಬೆಂಗಳೂರಿನ ಕೋರಮಂಗಲದಲ್ಲಿ ಕೊರಿಯಾ ತಮಗಾಗಿ ಕಟ್ಟಿಕೊಂಡ ಮನೆಗೂ ನಡುವೆ ಅಂಗಳವೇ. ನಮ್ಮ ತೊಟ್ಟಿ ಮನೆ ಕಂಡವರಿಗೆ ಆ ನಕ್ಷೆ ತಕ್ಷಣ ಅರ್ಥವಾಗುತ್ತದೆ.

ಇನ್ನು ಲಾರಿ ಬೇಕರ್. ಊರಿನಲ್ಲಿ ಮನೆ ಕಟ್ಟುವವರು ಒಂದೇ ಓದುವುದಾದರೆ ಇವರನ್ನೇ ಓದಿ. 1917ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದವರು. ಯುದ್ಧಕಾಲದಲ್ಲಿ ಚೀನಾದಲ್ಲಿ ಸೇವೆ ಮಾಡಿ ಮರಳುವಾಗ ಹಡಗಿಗಾಗಿ ಕಾಯುತ್ತ ಇದೇ ಮುಂಬಯಿಯಲ್ಲಿ ಉಳಿಯಬೇಕಾಯಿತು, ಆಗ ಗಾಂಧೀಜಿಯ ಭೇಟಿಯಾಯಿತು. ಮನೆಗೆ ಬೇಕಾದ ಸಾಮಾನು ಐದು ಮೈಲಿಯೊಳಗೇ ಸಿಗುವಂತಿರಬೇಕು ಎಂಬ ಗಾಂಧೀಜಿಯ ಮಾತನ್ನು ಅವರು ಕಡೆಯವರೆಗೂ ನೆನೆಯುತ್ತಿದ್ದರು. ಕೇರಳದಲ್ಲಿ ನೆಲೆಸಿ, ಭಾರತದ ಪ್ರಜೆಯಾಗಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು.

ಅವರ ಪುಸ್ತಕಗಳೆಂದರೆ ಸಣ್ಣ ಸಣ್ಣ ಪುಸ್ತಿಕೆಗಳು. ಮನೆಯ ಖರ್ಚು ತಗ್ಗಿಸುವುದು ಹೇಗೆ ಎಂಬುದೊಂದು, ಮಣ್ಣಿನ ಬಗ್ಗೆ ಒಂದು, ಹೀಗೆ. ಚಿತ್ರ ಅವರದೇ, ಅಕ್ಷರವೂ ಅವರದೇ ಕೈಬರಹ. ಇಂಗ್ಲಿಷ್ ಅಷ್ಟಾಗಿ ಬರದವರಿಗೂ ಚಿತ್ರ ನೋಡಿದರೆ ತಿಳಿಯುತ್ತದೆ, ಮೇಸ್ತ್ರಿಗಳ ಕೈಗೂ ಕೊಡಬಹುದು. ಇಟ್ಟಿಗೆಯನ್ನು ಅಡ್ಡ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟಿದರೆ ಗೋಡೆಯೊಳಗೆ ಪೊಳ್ಳು ಉಳಿಯುತ್ತದೆ, ಸುಮಾರು ನಾಲ್ಕನೇ ಒಂದು ಪಾಲು ಇಟ್ಟಿಗೆ ಉಳಿತಾಯ, ಒಳಗೆ ಸೆಕೆಯೂ ಕಡಿಮೆ. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ, ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆದ್ದರಿಂದ ಸರಳುಗಳ ನಡುವೆ ಹಳೆಯ ಮಂಗಳೂರು ಹಂಚು ಇಟ್ಟು ಕಾಂಕ್ರೀಟ್ ಉಳಿಸಬಹುದು ಎನ್ನುತ್ತಾರೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಸುಡಲು ಶುರುಮಾಡಿದ ಹಂಚನ್ನು ಕೇರಳದಲ್ಲಿ ಒಬ್ಬ ಇಂಗ್ಲಿಷಿನವರು ಸ್ಲ್ಯಾಬಿನೊಳಗೆ ಇಡುತ್ತಿದ್ದರೆ, ಊರಲ್ಲಿ ನಾವು ಅದನ್ನು ಕಿತ್ತು ಹಿತ್ತಿಲಲ್ಲಿ ರಾಶಿ ಹಾಕಿದೆವು.

ಇಲ್ಲೊಂದು ಎಚ್ಚರಿಕೆ. ಬೇಕರರನ್ನೂ ಕಣ್ಣು ಮುಚ್ಚಿ ನಕಲು ಮಾಡಬಾರದು. ಕುಂದಾಪುರದಲ್ಲಿ ಕೆಂಪು ಕಲ್ಲು ಸಿಗುವಾಗ ಪೊಳ್ಳು ಇಟ್ಟಿಗೆ ಗೋಡೆ ಯಾಕೆ? ಅವರ ಐದು ಮೈಲಿಯ ಲೆಕ್ಕವೇ ಬೇಡವೆನ್ನುತ್ತದೆ. ಹಂಚಿಟ್ಟ ಸ್ಲ್ಯಾಬನ್ನಂತೂ ಎಂಜಿನಿಯರರ ಲೆಕ್ಕವಿಲ್ಲದೆ ಹಾಕಿಸಲೇಬಾರದು. ಬೇಕರರ ಬದುಕು, ಬರಹ, ಕಟ್ಟಡಗಳ ನಕ್ಷೆ ಎಲ್ಲ ಒಟ್ಟಿಗೆ ಬೇಕಾದವರಿಗೆ ಗೌತಮ್ ಭಾಟಿಯಾ ಅವರ 1991ರ ಪುಸ್ತಕವಿದೆ. ಇದೇ ಭಾಟಿಯಾ ದಿಲ್ಲಿಯ ಹೊಸ ಶ್ರೀಮಂತರ ಮನೆಗಳನ್ನು ಗೇಲಿ ಮಾಡಿ 'ಪಂಜಾಬಿ ಬರೋಕ್' ಬರೆದರು. ದಿಲ್ಲಿಯ ಕನ್ನಡಿಗರು ಓದಿದರೆ ಅಕ್ಕಪಕ್ಕದ ಬಂಗಲೆಗಳ ಗುರುತು ಹತ್ತೀತು.

ಡೊಂಬಿವಲಿಯವರೇ, ಮಗ ತಂದ ಪುಸ್ತಕ ಎಸೆಯಬೇಡಿ. ನಿಮಗೆ ಮೆಚ್ಚಿಗೆಯಾದ ಆ ಬಿಳೀ ಮನೆಯ ಪುಟ ತೆಗೆದು ಕಂಟ್ರಾಕ್ಟರರನ್ನು ಮೂರು ಮಾತು ಕೇಳಿ. ಈ ಮನೆ ಯಾವ ಊರಿನದು, ಅಲ್ಲಿ ಮಳೆ ಎಷ್ಟು? ಜೂನ್ ತಿಂಗಳಲ್ಲಿ ಕಿಟಕಿ ತೆರೆದಿಟ್ಟರೆ ನೀರು ಒಳಗೆ ಬರುತ್ತದೋ ಇಲ್ಲವೋ? ಬಟ್ಟೆ ಒಣಗಿಸುವುದೆಲ್ಲಿ? ಉತ್ತರ ಸಿಕ್ಕರೆ ಕಟ್ಟಿಸಿ, ನನ್ನ ತಕರಾರಿಲ್ಲ.

ಬೇಕರರ ಪುಸ್ತಿಕೆಗಳು ಅಂತರಜಾಲದಲ್ಲಿ ಸಿಗುತ್ತವೆ, ಮಗನಿಗೆ ಹೇಳಿದರೆ ಅಚ್ಚು ಹಾಕಿಸಿ ಕೊಟ್ಟಾನು. ಊರಲ್ಲಿ ಪಾಯ ತೋಡುವುದು ಹೇಗೂ ದೀಪಾವಳಿ ಕಳೆದ ಮೇಲೆ ತಾನೆ? ಅಲ್ಲಿಯವರೆಗೆ ಮೂರನ್ನೂ ಓದಿ ಮುಗಿಸಬಹುದು.