ಪರಿಷೆಯ ಸೋಮವಾರ

ವರ್ಷ ಹೇಗಿತ್ತು ಅಂತ ಕೇಳಿದರೆ ನಾವು ಸಂಬಳ, ಸಾಲ, ಮಕ್ಕಳ ಮಾರ್ಕ್ಸಿನಿಂದಲೇ ಲೆಕ್ಕ ಶುರು ಮಾಡುತ್ತೇವೆ. ಈ ಸಲ ನಮ್ಮ ಮನೆಯಲ್ಲಿ ಅವೂ ಚೆನ್ನಾಗಿದ್ದವು. ಅಮ್ಮನ ಕಣ್ಣಿನ ಪೊರೆ ತೆಗೆಸಿದ್ದಾಯಿತು, ಮಗಳು ಸೈಕಲ್ ಕಲಿತಳು. ಆದರೂ ನನಗೆ ಮೊದಲು ನೆನಪಾಗುವುದು ಕಾರ್ತಿಕದ ಕೊನೆಯ ಸೋಮವಾರ, ಬಸವನಗುಡಿಯ ಕಡಲೆಕಾಯಿ ಪರಿಷೆ.

ತುಮಕೂರಿನಿಂದ ರೈಲು, ಮೆಜೆಸ್ಟಿಕ್‌ನಿಂದ ಹಸಿರು ಮೆಟ್ರೊ, ನ್ಯಾಷನಲ್ ಕಾಲೇಜಿನಲ್ಲಿ ಇಳಿದು ನಡಿಗೆ. ಬುಲ್ ಟೆಂಪಲ್ ರಸ್ತೆಯ ಎರಡೂ ಬದಿ ಕಾಯಿಯ ರಾಶಿ: ಹಸಿ, ಹುರಿದದ್ದು, ಬೇಯಿಸಿದ್ದು. ಅಮ್ಮ ಒಂದೊಂದು ರಾಶಿಯಿಂದಲೂ ಕಾಯಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಸಿಪ್ಪೆ ಒಡೆದು ಬೀಜದ ಬಣ್ಣ ನೋಡಿ, ಬಾಯಿಗೆ ಹಾಕಿಕೊಂಡು ಮುಂದಕ್ಕೆ ಹೋಗುತ್ತಿದ್ದರು. ಪರಿಷೆಯಲ್ಲಿ ರುಚಿ ನೋಡುವುದಕ್ಕೆ ಯಾರೂ ಬೇಡವೆನ್ನುವುದಿಲ್ಲ. ಕೊಂಡದ್ದು ಮಾತ್ರ ಒಂದೇ ಸೇರು!

ಹಿಂದೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರು ಮೊದಲ ಬೆಳೆಯನ್ನು ಇಲ್ಲಿನ ಬಸವಣ್ಣನಿಗೆ ತರುತ್ತಿದ್ದರಂತೆ. ರಾತ್ರಿ ಹೊಲ ಮೇಯುತ್ತಿದ್ದ ಗೂಳಿಯೇ ಈ ಕಲ್ಲಿನ ಬಸವ ಅನ್ನುವುದು ಕಥೆ. ಆ ಊರುಗಳೆಲ್ಲ ಈಗ ನಗರದ ಬಡಾವಣೆಗಳು. ಕಾಯಿ ದೂರದ ಜಿಲ್ಲೆಗಳಿಂದ ಲಾರಿಯಲ್ಲಿ ಬರುತ್ತದೆ.

ಸುಮಾರು 15 ಅಡಿ ಎತ್ತರದ ಏಕಶಿಲೆಯ ಬಸವನ ಮುಂದೆ ನಿಂತು ಮಗಳು ಕೇಳಿದಳು: "ಅಜ್ಜಿ, ಇವನು ಎಷ್ಟು ಸೇರು ತಿಂದಿರಬಹುದು?"

"ನಿಮ್ಮಪ್ಪ ರೈಲಿನಲ್ಲಿ ಕೂತರೆ ತಿನ್ನುವಷ್ಟು ಇರಲಿಕ್ಕಿಲ್ಲ," ಅಂದರು ಅಮ್ಮ.